ಗಿಟಾರಿನ ಮರ ಮತ್ತು ಪಿಕಪ್ ಆಯ್ಕೆ

ಪಿಕಪ್ ಎಂಬುದು ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಸಾಧನ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಇದನ್ನು ತಯಾರಿಸಲಾಗುತ್ತದೆ. ಹಳೆಯ ಪಿಕಪ್ ತೆಗೆದು ಹೊಸದನ್ನು ಅಳವಡಿಸುವಾಗ ಅದು ವಾದ್ಯದ ಮರಕ್ಕೆ ಹೊಂದಬೇಕೆಂಬ ನಂಬಿಕೆ ವಾದಕರಲ್ಲಿ ವ್ಯಾಪಕವಾಗಿದೆ. ಮಹಾಗನಿಯ ನಾದ ಗಂಭೀರವಾದುದರಿಂದ ಅದಕ್ಕೆ ತೀಕ್ಷ್ಣವಾದ ಪಿಕಪ್, ಮೇಪಲ್ ಮರದ ನಾದ ತೀಕ್ಷ್ಣವಾದುದರಿಂದ ಅದಕ್ಕೆ ಮೃದುವಾದ ಪಿಕಪ್ ಎಂಬುದು ರೂಢಿಯ ಸೂತ್ರ. ಇದನ್ನೇ ನಂಬಿ ಖರೀದಿಸಿದರೆ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು.

ಪಿಕಪ್ ಗ್ರಹಿಸುವುದು ಏನನ್ನು

ಅಯಸ್ಕಾಂತೀಯ ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಗ್ರಹಿಸುವುದಿಲ್ಲ. ಕಾಂತಕ್ಷೇತ್ರದಲ್ಲಿ ತಂತಿ ಅಲುಗಿದಾಗ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಣೆಯಾಗುತ್ತದೆ, ಅಷ್ಟೆ. ಕಂಚು, ಹಿತ್ತಾಳೆಗಳು ಅಯಸ್ಕಾಂತಕ್ಕೆ ಆಕರ್ಷಿತವಾಗದ ಕಾರಣ, ವೀಣೆಗೆ ಇಂಥ ಪಿಕಪ್ ಹಾಕಿದಾಗ ಉಕ್ಕಿನ ತಂತಿಗಳು ಸ್ಪಷ್ಟವಾಗಿಯೂ ಹಿತ್ತಾಳೆಯ ತಂತಿಗಳು ಕ್ಷೀಣವಾಗಿಯೂ ಕೇಳುತ್ತವೆ. 1932ರಲ್ಲಿ ಮಾರುಕಟ್ಟೆಗೆ ಬಂದ, ಜಾರ್ಜ್ ಬೋಶಾಂ ರೂಪಿಸಿದ ‘ಫ್ರೈಯಿಂಗ್ ಪ್ಯಾನ್’ ವಿದ್ಯುತ್ ಗಿಟಾರಿನ ಒಡಲು ಮರದ್ದೇ ಆಗಿರಲಿಲ್ಲ. ಅದು ಅಲ್ಯೂಮಿನಿಯಂ ಎರಕ.

ಹಾಗೆಂದು ಮರದ ಪಾತ್ರ ಶೂನ್ಯವಲ್ಲ. ಕತ್ತು ಮತ್ತು ಒಡಲಿನ ಬಿಗಿತ ತಂತಿಯ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ತುಸು ಬದಲಿಸಬಲ್ಲದು. ಮೇಣದಲ್ಲಿ ಅದ್ದಿರದ ಪಿಕಪ್ಪಿನಲ್ಲಿ ಸುರುಳಿಯೇ ನಡುಗಿ ಒಡಲಿನ ಸದ್ದೂ ಸ್ವಲ್ಪ ಸೇರಬಹುದು. ಅಕೌಸ್ಟಿಕ್ ಗಿಟಾರಿನ ವಿಷಯ ಬೇರೆ. ಅಲ್ಲಿ ಮರದ ಪೆಟ್ಟಿಗೆಯೇ ಧ್ವನಿಯನ್ನು ಹೊರಸೂಸುವುದರಿಂದ ಮರದ ಗುಣ ನೇರವಾಗಿ ಕಿವಿಗೆ ತಲುಪುತ್ತದೆ.

ತರೀಕೆರೆ ಸೀಮೆಯ ಬೀಟೆ

ಗಿಟಾರ್ ತಯಾರಕರು ‘ಇಂಡಿಯನ್ ರೋಸ್‌ವುಡ್’ ಎಂದು ಕರೆಯುವುದು ಬೀಟೆ ಮರವನ್ನು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಸುತ್ತಲಿನ ಭದ್ರಾ ಅರಣ್ಯದಲ್ಲಿ ತೇಗ, ಹೊನ್ನೆ, ಮತ್ತಿಗಳೊಡನೆ ಇದೂ ಬೆಳೆಯುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಬೀಟೆಯ ಬದಲು ಭಾರತದ ಬೀಟೆಯನ್ನು ಬಳಸತೊಡಗಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ದೊರೆಯಿತು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ವಿದ್ಯುತ್ ಗಿಟಾರಿನಲ್ಲಿ ಬೀಟೆ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ದಪ್ಪದ ಫಿಂಗರ್‌ಬೋರ್ಡಿಗೆ ಸೀಮಿತ. ಆದುದರಿಂದ ‘ಬೀಟೆಗೆ ತಕ್ಕ ಪಿಕಪ್’ ಎಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ.

ಆಯ್ಕೆಯಲ್ಲಿ ಗಮನಿಸಬೇಕಾದವು

ನಾದವನ್ನು ಹೆಚ್ಚಾಗಿ ನಿರ್ಧರಿಸುವುದು ಸುರುಳಿಯ ಇಂಡಕ್ಟೆನ್ಸ್, ಪಿಕಪ್ ಇರುವ ಜಾಗ ಮತ್ತು ಅದರ ಎತ್ತರ. ಸುತ್ತು ಹೆಚ್ಚಿದಷ್ಟೂ ಧ್ವನಿ ಜೋರಾಗುತ್ತದೆ, ಆದರೆ ಉಚ್ಚ ಆವೃತ್ತಿಗಳು ಮಂದವಾಗುತ್ತವೆ. ಬ್ರಿಜ್ ಬಳಿ ತಂತಿಯ ಅಲುಗಾಟ ಕಡಿಮೆಯಿರುವುದರಿಂದ ಅಲ್ಲಿಗೆ ಹೆಚ್ಚು ಸುತ್ತಿನ ಪಿಕಪ್ ಹಾಕುವುದು ವಾಡಿಕೆ. ಸಾಧಾರಣ ಸಿಂಗಲ್ ಕಾಯಿಲ್ ಪಿಕಪ್ಪಿನ ರೋಧ ಸುಮಾರು 6 ಕಿಲೋ ಓಮ್, ಹಳೆಯ ಮಾದರಿಯ ಹಂಬಕರಿನದು ಸುಮಾರು 8. ಮೊದಲನೆಯದಕ್ಕೆ 250 ಕಿಲೋ ಓಮ್, ಎರಡನೆಯದಕ್ಕೆ 500 ಕಿಲೋ ಓಮ್ ಪೊಟೆನ್ಷಿಯೋಮೀಟರ್ ಬಳಸುತ್ತಾರೆ. ಇದನ್ನು ಬದಲಿಸಿದರೂ ಸಾಕು, ‘ಮಂಕಾದ ಮರ’ ಚುರುಕಾದಂತೆ ಕೇಳಿಸುವುದುಂಟು. ಸಿಂಗಲ್ ಕಾಯಿಲ್ ಜಾಗದಲ್ಲಿ ಅಗಲವಾದ ಹಂಬಕರ್ ಕೂರಿಸಲು ಒಡಲನ್ನು ಕೊರೆಯಬೇಕಾಗುತ್ತದೆ. ಕೊರೆದ ಮರವನ್ನು ಮರಳಿ ಸೇರಿಸಲಾಗದು.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲಕ್ಕವಳ್ಳಿ ಕಡೆಯ ಮಳೆಗಾಲದ ತೇವದಲ್ಲಿದ್ದ ಗಿಟಾರನ್ನು ಬೇಸಿಗೆಯಲ್ಲಿ ಕಡೂರು, ಅಜ್ಜಂಪುರಗಳ ಬಯಲಿಗೆ ಒಯ್ದರೆ ಮರ ಒಣಗಿ ಕುಗ್ಗುತ್ತದೆ. ಕತ್ತಿನ ಬಾಗು ಬದಲಾಗಿ ತಂತಿಗೂ ಪಿಕಪ್ಪಿಗೂ ಇರುವ ಅಂತರ ವ್ಯತ್ಯಾಸವಾಗುತ್ತದೆ. ಮೊದಲು ಕತ್ತಿನ ಸರಳನ್ನು ಸರಿಪಡಿಸಿ, ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು ಸುಮಾರು 2 ಮಿಲಿಮೀಟರ್ ಅಂತರದಿಂದ ಹೊಂದಾಣಿಕೆ ಆರಂಭಿಸಬಹುದು. ಅಯಸ್ಕಾಂತ ತೀರ ಹತ್ತಿರವಾದರೆ ಅದು ತಂತಿಯನ್ನೇ ಸೆಳೆದು ಶ್ರುತಿ ಕೆಡಿಸುತ್ತದೆ.