ಒಣಮೀನಿನ ಸಾರು ಮತ್ತು ಅವ್ವನ ಮೌನ

ಮಕ್ಕಳೇ, ಒಣಮೀನು ಎಂದ ಕೂಡಲೇ ನಿಮ್ಮಲ್ಲಿ ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಕೆಲವರಿಗೆ ಬಾಯಲ್ಲಿ ನೀರೂರಬಹುದು. ನಾನು ಎರಡನೆಯ ಗುಂಪಿನವನು.

ನಾನು ಹುಟ್ಟಿದ್ದು ಅಜ್ಜಂಪುರದ ಕಡೆ. ಕಡಲು ದೂರ, ನಡುವೆ ಘಟ್ಟ. ಕೆರೆ ತುಂಬಿದ ವರ್ಷ ಮಾತ್ರ ಹಸಿಮೀನು. ಉಳಿದಂತೆ ಕರಾವಳಿಯಿಂದ ಬರುತ್ತಿದ್ದ ಒಣ ಬಂಗುಡೆ, ಸಿಗಡಿಗಳೇ ಗತಿ. ಅವ್ವ ಸಂತೆಯಿಂದ ತಂದ ಬಂಗುಡೆಯನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಮೂರು ಸಲ ತೊಳೆದು ಉಪ್ಪು ಬಿಡಿಸುತ್ತಿದ್ದಳು. ಈರುಳ್ಳಿ, ಆಲೂಗೆಡ್ಡೆ, ಖಾರ, ಹುಣಸೆಹುಳಿ ಸೇರಿ ಸಾರು ಕುದಿಯುತ್ತಿತ್ತು. ಮೀನು ಕಡಿಮೆ, ಆಲೂಗೆಡ್ಡೆ ಜಾಸ್ತಿ. ಆದರೆ ಪ್ರತಿ ಹೋಳಿನಲ್ಲೂ ಮೀನಿನ ರುಚಿ ಇಳಿದಿರುತ್ತಿತ್ತು. ಜೊತೆಗೆ ಬಿಸಿ ರಾಗಿಮುದ್ದೆ.

ಬ್ಯಾಂಕಿನ ಕೆಲಸ ಸಿಕ್ಕಿ ತರೀಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆ. ಅವ್ವನೂ ಬಂದಳು. ಒಂದು ಭಾನುವಾರ ಒಣಮೀನಿನ ಸಾರು ಮಾಡಿದಳು. ಮರುದಿನವೇ ಮಾಲೀಕರು, "ತಿಂಗಳ ಕೊನೆಗೆ ಮನೆ ಖಾಲಿ ಮಾಡಿ" ಎಂದರು. ಅವ್ವ ಏನೂ ಹೇಳಲಿಲ್ಲ. ಆಮೇಲೆ ಯಾವ ಬಾಡಿಗೆ ಮನೆಯಲ್ಲೂ ಅವಳು ಒಣಮೀನು ಮುಟ್ಟಲಿಲ್ಲ. ಕಡೂರಿನಲ್ಲಿ ನಾನು ಸ್ವಂತ ಮನೆ ಕಟ್ಟುವ ಹೊತ್ತಿಗೆ ಅವಳೇ ಇರಲಿಲ್ಲ.

ಮೊನ್ನೆ ಮೊಮ್ಮಗಳು ಕೇಳಿದಳು, "ತಾತ, ಒಣಮೀನು ಬಡವರ ಊಟವಾ?"

ಅವಳಿಗೆ ಪೋರ್ಚುಗಲ್ ದೇಶದ ಸಂಗತಿ ಹೇಳಿದೆ. ಅಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿಗೆ 'ಬಕಲ್ಯಾವ್' ಎನ್ನುತ್ತಾರೆ. ಆ ಮೀನು ಅವರ ಕಡಲಿನದಲ್ಲ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನದು. ಶತಮಾನಗಳ ಹಿಂದೆಯೇ ಅವರ ಹಡಗುಗಳು ಕೆನಡಾ ಬಳಿಯ ನ್ಯೂಫೌಂಡ್‌ಲ್ಯಾಂಡ್‌ವರೆಗೂ ಅದಕ್ಕಾಗಿ ಹೋಗುತ್ತಿದ್ದವು. ಆಗ ಫ್ರಿಜ್ ಎಲ್ಲಿತ್ತು? ಉಪ್ಪು ಮೀನಿನ ನೀರನ್ನು ಎಳೆದುಬಿಡುತ್ತದೆ. ನೀರಿಲ್ಲದ ಕಡೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ನಮ್ಮ ಬಂಗುಡೆ ಕೆಡದಿರುವುದೂ ಇದರಿಂದಲೇ.

ಅವರೂ ಮೀನನ್ನು ಒಂದೆರಡು ದಿನ ನೆನೆಸಿ, ನೀರು ಬದಲಿಸಿ ಉಪ್ಪು ಬಿಡಿಸುತ್ತಾರೆ. ಪೋರ್ಟೊ ನಗರದ ಒಂದು ಹೆಸರುವಾಸಿ ಅಡುಗೆಯಲ್ಲಿ ಅದಕ್ಕೆ ಆಲೂಗೆಡ್ಡೆ, ಈರುಳ್ಳಿ, ಆಲಿವ್ ಎಣ್ಣೆ, ಬೇಯಿಸಿದ ಮೊಟ್ಟೆ ಸೇರುತ್ತವೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂತು ಉಣ್ಣುವುದೂ ಬೇಯಿಸಿದ ಬಕಲ್ಯಾವ್ ಮತ್ತು ಆಲೂಗೆಡ್ಡೆಯನ್ನೇ. ಅಂದಹಾಗೆ, ನಮ್ಮ ಕರಾವಳಿಯವರು ಆಲೂಗೆಡ್ಡೆಗೆ 'ಬಟಾಟೆ' ಎನ್ನುವುದೂ ಪೋರ್ಚುಗೀಸರ ಮಾತಿನಿಂದ ಬಂದದ್ದೇ.

"ಅಂದರೆ ಅವರಿಗೆ ಅದು ಹಬ್ಬದೂಟ!" ಎಂದಳು ಮೊಮ್ಮಗಳು.

ಆ ಭಾನುವಾರ ನಮ್ಮ ಮನೆಯಲ್ಲಿ ಒಣಮೀನಿನ ಸಾರು. ಕಿಟಕಿ ಮುಚ್ಚಲು ಎದ್ದ ನನ್ನನ್ನು ಮೊಮ್ಮಗಳೇ ತಡೆದಳು, "ತೆಗೆದೇ ಇರಲಿ ತಾತ."