ಎರಡೊಡಲ ದೋಣಿಯೂ ಅದರ ಹಲಗೆಗೂಡೂ

‘ಕ್ಯಾಟಮರಾನ್’ ಎಂಬ ಇಂಗ್ಲಿಷ್ ಪದದ ಅರ್ಥಕ್ಕಾಗಿ ನಮ್ಮ ಮಕ್ಕಳು ನಿಘಂಟನ್ನು ತೆರೆಯಬೇಕಾಗಿಲ್ಲ. ತಮಿಳಿನ ‘ಕಟ್ಟುಮರಂ’ ಕಡಲು ದಾಟಿ ಆ ರೂಪವನ್ನು ತಾಳಿತು. ಕಟ್ಟು, ಮರ ಎಂಬೆರಡೂ ನಮಗೂ ಮನೆಮಾತುಗಳೇ. ಕೋರಮಂಡಲ ತೀರದ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುತ್ತಿದ್ದ ತೆಪ್ಪದ ಹೆಸರದು. ಇಂದು ಆ ಹೆಸರನ್ನು ಹೊತ್ತಿರುವುದು ಎರಡು ಒಡಲುಗಳ ಹಾಯಿದೋಣಿ. ಅದರ ಆಕಾರವಾದರೋ ಪೆಸಿಫಿಕ್ ದ್ವೀಪವಾಸಿಗಳ ಜೋಡಿದೋಣಿಗಳಿಗೆ ಹತ್ತಿರವಾದುದು.

ಇಂತಹ ದೋಣಿಗಳಲ್ಲಿ ಪ್ರಸಿದ್ಧವಾದುದು ‘ಟೊರ್ನಾಡೊ’. ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಬ್ರೈಟ್‌ಲಿಂಗ್‌ಸೀ ಎಂಬ ಊರಿನ ರಾಡ್ನಿ ಮಾರ್ಚ್ 1967ರಲ್ಲಿ ಇದನ್ನು ರೂಪಿಸಿದರು. 20 ಅಡಿ ಉದ್ದ, 10 ಅಡಿ ಅಗಲದ ಈ ದೋಣಿಯನ್ನು ನಡೆಸುವವರು ಇಬ್ಬರು. 1976ರಿಂದ 2008ರವರೆಗೆ ಇದು ಒಲಿಂಪಿಕ್ ಕ್ರೀಡಾಕೂಟದಲ್ಲಿ ಓಡಿತು. ಮೊದಲ ವರ್ಷವೇ ಬ್ರಿಟನ್ನಿನ ರೆಜ್ ವೈಟ್ ಮತ್ತು ಜಾನ್ ಓಸ್‌ಬರ್ನ್ ಚಿನ್ನದ ಪದಕವನ್ನು ಗೆದ್ದರು. ಆರಂಭದ ಟೊರ್ನಾಡೊಗಳು ತೆಳುವಾದ ಪ್ಲೈವುಡ್ಡಿನವು. ಅಂತಹ ಹಳೆಯ ದೋಣಿಯೊಂದನ್ನು ಮತ್ತೆ ನೀರಿಗಿಳಿಸಬೇಕೆನ್ನುವವರು ಮೊದಲು ಪರೀಕ್ಷಿಸಬೇಕಾದುದು ಹೊರಗಿನ ಬಣ್ಣವನ್ನಲ್ಲ, ಒಡಲಿನೊಳಗಿರುವ ಕಿರಿದಾದ ಗೂಡನ್ನು.

ಗಾಳಿ ಪಕ್ಕದಿಂದ ಬೀಸಿದಾಗ ಹಾಯಿದೋಣಿ ಏಡಿಯಂತೆ ಅಡ್ಡಕ್ಕೆ ಸರಿಯುತ್ತದೆ. ಅದನ್ನು ತಡೆಯಲು ಒಡಲಿನ ಅಡಿಯಿಂದ ಒಂದು ಹಲಗೆಯನ್ನು ನೀರಿಗಿಳಿಸುತ್ತಾರೆ, ಇದೇ ಸೆಂಟರ್‌ಬೋರ್ಡ್. ನೀರು ಆಳವಿಲ್ಲದಲ್ಲಿ ಅದನ್ನು ಮೇಲೆತ್ತಬೇಕು. ಎತ್ತಿದ ಹಲಗೆ ಕುಳಿತುಕೊಳ್ಳುವ ಸಪೂರವಾದ ಪೆಟ್ಟಿಗೆಯೇ ಹಲಗೆಗೂಡು. ಗೂಡಿನ ತಳ ನೀರಿಗೆ ತೆರೆದಿರುವುದರಿಂದ ಅದರ ಗೋಡೆಗಳೇ ದೋಣಿಗೆ ಒಳಚರ್ಮ. ಗೋಡೆ ತಳಕ್ಕೆ ಅಂಟುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮುಚ್ಚಿದ ಒಡಲಿನೊಳಗೆ ನೀರು ಕಾಣದಂತೆ ಸೇರುತ್ತದೆ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ ಭಾರ. ಅದು ಮುಂದಕ್ಕೆ ಹರಿದರೆ ಮೂತಿ ಅಲೆಯೊಳಗೆ ನಾಟಿಕೊಂಡು ದೋಣಿ ಮಗುಚೀತು. ಇಬ್ಬರ ಕ್ಷೇಮ ಆ ಮೂಲೆಯನ್ನು ಅವಲಂಬಿಸಿದೆ.

ದುರಸ್ತಿಯ ಮೊದಲ ಹೆಜ್ಜೆ ತಾಳ್ಮೆ. ಮರ ಪೂರ್ಣವಾಗಿ ಒಣಗಬೇಕು. ಬಳಿಕ ತಳದ ಸೀಳನ್ನು ತಾತ್ಕಾಲಿಕವಾಗಿ ಮುಚ್ಚಿ, ಗೂಡಿಗೆ ನೀರು ತುಂಬಿ, ಒಡಲಿನ ಕಿಂಡಿಯಿಂದ ದೀಪ ಹಿಡಿದು ನೋಡಿದರೆ ಸೋರುವ ಜಾಗ ತಾನೇ ತೋರುತ್ತದೆ. ಮೆತ್ತಗಾದ ಮರವನ್ನು ಕೆತ್ತಿ ತೆಗೆದು, ಒಣಗಿಸಿ, ಹೊಸ ತುಂಡನ್ನು ಕೂಡಿಸಿ, ಮೂಲೆಗಳನ್ನು ಎಪಾಕ್ಸಿ ಅಂಟಿನಿಂದ ಭದ್ರಪಡಿಸುತ್ತಾರೆ. ಹಲಗೆ ತಿರುಗುವ ಮೊಳೆಯ ತೂತೂ ಸೋರುವ ಸ್ಥಳವೇ. ಅದನ್ನು ಹಿಗ್ಗಿಸಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದರೆ ಮರಕ್ಕೆ ನೀರು ತಾಗದು.

ಇನ್ನು ಹಲಗೆಯನ್ನು ಕೂರಿಸುವ ಕೆಲಸ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಅವಸರದಿಂದ ಕೀಸಿದವರಿಗೆ ಬೇಸಗೆಯಲ್ಲಿ ಸಂದು ಕಾಣುವುದುಂಟು. ಇಲ್ಲಿಯೂ ಹಾಗೆಯೇ. ಬಿಗಿಯಾದರೆ ಒಂದು ಹರಳು ಸಿಕ್ಕಿದರೂ ಹಲಗೆ ಮೇಲೇಳದು. ಸಡಿಲವಾದರೆ ಪ್ರತಿ ಅಲೆಗೂ ಗೋಡೆಗೆ ಬಡಿದು, ಹೊಸದಾಗಿ ಅಂಟಿಸಿದ ಮೂಲೆಯನ್ನೇ ಒಡೆಯುತ್ತದೆ. ಆದುದರಿಂದ ಗೂಡನ್ನು ತುಸು ಅಗಲವಾಗಿಯೇ ಬಿಟ್ಟು, ಉಳಿದ ಸಂದಿಗೆ ಜಾರುವ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಒತ್ತು ಕೊಡುತ್ತಾರೆ. ಸವೆದಾಗ ಬದಲಾಯಿಸಲು ಬರುವಂತೆ ಅವನ್ನು ಅಂಟಿಸುವುದು ಜಾಣತನ. ಸವೆಯಬೇಕಾದುದು ಪಟ್ಟಿಯೇ ಹೊರತು ದೋಣಿಯಲ್ಲ.

ಎರಡು ಒಡಲುಗಳಿರುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಹಲಗೆಗಳೂ ಒಂದಕ್ಕೊಂದು ಸಮಾಂತರವಾಗಿರಬೇಕು. ಒಂದು ಬದಿಗೆ ಪಟ್ಟಿ ದಪ್ಪವಾಗಿ ಹಲಗೆ ಓರೆಯಾದರೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಎಳೆದು, ಎತ್ತುಗಳೆರಡು ಬೇರೆ ಬೇರೆ ದಿಕ್ಕಿಗೆ ಜಗ್ಗಿದ ಗಾಡಿಯಂತಾಗುತ್ತದೆ. ಗಾಳಿ ಎಷ್ಟಿದ್ದರೂ ವೇಗವಿಲ್ಲ. ಹಾಗಾಗಿ ಹಲಗೆಗಳನ್ನಿಳಿಸಿ, ಅವುಗಳ ಮುಂಚೂಣಿಯ ನಡುವಿನ ಅಂತರವನ್ನೂ ಹಿಂಚೂಣಿಯ ನಡುವಿನ ಅಂತರವನ್ನೂ ಅಳೆದು ನೋಡುತ್ತಾರೆ. ಎರಡೂ ಅಳತೆ ಒಂದೇ ಆಗುವವರೆಗೆ ಪಟ್ಟಿಗಳನ್ನು ತೆಗೆದು ಹಾಕುತ್ತಲೇ ಇರಬೇಕು.

ತೀರದಲ್ಲಿ ನಿಂತವರಿಗೆ ಹಾಯಿ ಕಾಣುತ್ತದೆ, ಬಣ್ಣ ಕಾಣುತ್ತದೆ. ಆ ಸಂಜೆ ದೋಣಿಯನ್ನು ಮರಳಿ ದಡಕ್ಕೆಳೆದು, ಒಡಲಿನ ಬಿರಡೆಯನ್ನು ತೆಗೆದಾಗ ಒಂದು ಹನಿಯೂ ಸುರಿಯದಿದ್ದರೆ, ಕೆಲಸ ಮಾಡಿದವನಿಗೆ ಅದೇ ಬಹುಮಾನ.