ಬಂಬಲ್‌ಬೀ ಮತ್ತು ಶೀತವಲಯದ ಸಸ್ಯಗಳು

ಬಂಬಲ್‌ಬೀ ಎಂಬುದು ಬಾಂಬಸ್ ಕುಲಕ್ಕೆ ಸೇರಿದ, ಮೈತುಂಬ ದಟ್ಟವಾದ ರೋಮವುಳ್ಳ, ದಪ್ಪ ದೇಹದ ಕೀಟ. ಜೇನುನೊಣಗಳ ಸಮೀಪದ ಬಂಧುವಾದ ಇದರ ಸುಮಾರು 250 ಪ್ರಭೇದಗಳು ಜಗತ್ತಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಯೂರೋಪ್, ಏಷ್ಯಾ ಮತ್ತು ಉತ್ತರ ಅಮೆರಿಕಗಳ ತಂಪು ಪ್ರದೇಶಗಳಲ್ಲಿಯೂ ಎತ್ತರದ ಪರ್ವತಗಳಲ್ಲಿಯೂ ನೆಲೆಸಿವೆ. ಭಾರತದ ಹಿಮಾಲಯ ಪ್ರದೇಶದಲ್ಲಿ ಸುಮಾರು 48 ಪ್ರಭೇದಗಳು ದಾಖಲಾಗಿವೆ. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಇವು ಸಹಜವಾಗಿ ಕಂಡುಬರುವುದಿಲ್ಲ.

ಹೆಸರಿನ ಗೊಂದಲ

ಬಂಬಲ್‌ಬೀ ಎಂಬುದನ್ನು ಕನ್ನಡದಲ್ಲಿ ಹಲವರು 'ದುಂಬಿ' ಎಂದು ಅನುವಾದಿಸುತ್ತಾರೆ. ಇದರಿಂದ ವಿದ್ಯಾರ್ಥಿಗಳಲ್ಲಿ ತಪ್ಪು ತಿಳಿವಳಿಕೆ ಉಂಟಾಗುವುದುಂಟು. ಹಾವೇರಿ ಜಿಲ್ಲೆಯ ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಭಾಗದಲ್ಲಿ ಹಳೆಯ ಮನೆಗಳ ತೊಲೆ, ಜಂತೆಗಳನ್ನೂ ಬದುವಿನ ಒಣಮರಗಳನ್ನೂ ಕೊರೆದು ವಾಸಿಸುವ ಕರಿಯ ದುಂಬಿ ಬಂಬಲ್‌ಬೀ ಅಲ್ಲ. ಅದು ಝೈಲೋಕೋಪ ಕುಲದ ಬಡಗಿ ದುಂಬಿ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಬಡಗಿ ದುಂಬಿಯ ಉದರದ ಮೇಲ್ಭಾಗ ಬಹುಮಟ್ಟಿಗೆ ಬೋಳಾಗಿದ್ದು ಕರಿಗಲ್ಲಿನಂತೆ ಹೊಳೆಯುತ್ತದೆ. ಬಂಬಲ್‌ಬೀಯ ಉದರವಾದರೋ ಉಣ್ಣೆಯ ಕಂಬಳಿ ಹೊದ್ದಂತೆ ರೋಮಮಯವಾಗಿದ್ದು, ಅನೇಕ ಪ್ರಭೇದಗಳಲ್ಲಿ ಹಳದಿ, ಬಿಳಿ ಅಥವಾ ಕೆಂಪು ಪಟ್ಟೆಗಳಿರುತ್ತವೆ. ಬಂಬಲ್‌ಬೀ ಮರ ಕೊರೆಯುವುದಿಲ್ಲ. ಇಲಿ ಬಿಟ್ಟುಹೋದ ಬಿಲ, ಹುಲ್ಲಿನ ಬುಡ ಮೊದಲಾದ ಕಡೆ ರಾಣಿಯೂ ಕೆಲಸಗಾರ ನೊಣಗಳೂ ಕೂಡಿ ಚಿಕ್ಕ ಸಂಸಾರವಾಗಿ ಬಾಳುತ್ತವೆ.

ಚಳಿಯಲ್ಲಿ ಹಾರಾಟ

ಕೀಟಗಳು ಸಾಮಾನ್ಯವಾಗಿ ಬಿಸಿಲನ್ನು ಅವಲಂಬಿಸಿದವು. ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಜೇನುನೊಣಗಳು ಗೂಡು ಬಿಟ್ಟು ಹೊರಡುವುದು ಅಪರೂಪ. ಬಂಬಲ್‌ಬೀ ಅಂಥ ಹವೆಯಲ್ಲಿಯೂ ಹೂವಿನಿಂದ ಹೂವಿಗೆ ಹೋಗುತ್ತದೆ. ಹಾರಲು ಅದರ ಎದೆಭಾಗದ ಸ್ನಾಯುಗಳು ಸುಮಾರು 30 ಡಿಗ್ರಿಯಷ್ಟು ಬೆಚ್ಚಗಿರಬೇಕು. ಈ ಶಾಖವನ್ನು ಅದು ತಾನೇ ಉತ್ಪಾದಿಸಿಕೊಳ್ಳುತ್ತದೆ. ರೆಕ್ಕೆಗಳನ್ನು ಆಡಿಸದೆ ಹಾರಾಟದ ಸ್ನಾಯುಗಳನ್ನು ಮಾತ್ರ ನಡುಗಿಸುವುದೇ ಅದರ ಉಪಾಯ; ಚಳಿಗೆ ನಾವು ಗಡಗಡ ನಡುಗುವುದಕ್ಕೆ ಇದನ್ನು ಹೋಲಿಸಬಹುದು. ಉಂಟಾದ ಶಾಖವು ಎದೆಭಾಗದಲ್ಲಿಯೇ ಉಳಿಯುವಂತೆ ಸೊಂಟದಲ್ಲಿ ರಕ್ತ ಹರಿಯುವ ದಾರಿ ರಚನೆಗೊಂಡಿದೆ. ಹೊರಗಿನ ರೋಮವು ಅದನ್ನು ಕಾಪಾಡುತ್ತದೆ. ಈ ಶಾಖಕ್ಕೆ ಇಂಧನ ಮಕರಂದದ ಸಕ್ಕರೆ. ಆದ್ದರಿಂದ ಚಳಿ ಹೆಚ್ಚಿದಷ್ಟೂ ಮಕರಂದ ಸಮೃದ್ಧವಾದ ಹೂಗಳನ್ನೇ ಅದು ಆರಿಸಬೇಕಾಗುತ್ತದೆ. ಈ ಆದಾಯ-ವೆಚ್ಚದ ಲೆಕ್ಕವನ್ನು ಬರ್ನ್ಡ್ ಹೈನ್‌ರಿಚ್ 1979ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಶೀತವಲಯದಲ್ಲಿ ಇವುಗಳ ಸಂಸಾರದ ಆಯುಷ್ಯ ಒಂದೇ ಬೇಸಗೆ. ಶರತ್ಕಾಲ ಮುಗಿಯುವಾಗ ಹಳೆಯ ರಾಣಿ, ಕೆಲಸಗಾರರು, ಗಂಡುನೊಣಗಳು ಎಲ್ಲವೂ ಸಾಯುತ್ತವೆ. ಗರ್ಭಧರಿಸಿದ ಹೊಸ ರಾಣಿಗಳು ಮಾತ್ರ ಮಣ್ಣಿನಲ್ಲಿ ಹುದುಗಿ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುತ್ತವೆ. ವಸಂತದಲ್ಲಿ ಎದ್ದ ರಾಣಿ ಒಂಟಿ. ಗೂಡು ಹುಡುಕುವುದು, ಮೇಣದ ಚಿಕ್ಕ ಕುಡಿಕೆ ಕಟ್ಟಿ ಮಕರಂದ ತುಂಬುವುದು, ಮೊಟ್ಟೆಯಿಟ್ಟು ಕೋಳಿಯಂತೆ ಅದರ ಮೇಲೆ ಕುಳಿತು ಕಾವು ಕೊಡುವುದು ಎಲ್ಲವೂ ಅವಳದೇ ಕೆಲಸ. ಆಗ ಮೊದಲು ಅರಳುವ ನೀರಂಜಿ ಜಾತಿಯ ಮರಗಳ ಹೂಗಳು ಸಿಗದಿದ್ದರೆ ಆ ವರ್ಷದ ಸಂಸಾರವೇ ಇಲ್ಲ. ಉತ್ತರ ಧ್ರುವಕ್ಕೆ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲಿಯೂ ಬಾಂಬಸ್ ಪೊಲಾರಿಸ್ ಎಂಬ ಪ್ರಭೇದ ಕೆಲವೇ ವಾರಗಳ ಬೇಸಗೆಯೊಳಗೆ ಈ ಚಕ್ರವನ್ನು ಪೂರೈಸುತ್ತದೆ. ಚೀನಾದ ಪರ್ವತಗಳಿಂದ ಹಿಡಿದು ತಂದ ಬಂಬಲ್‌ಬೀಗಳಲ್ಲಿ ಎರಡು, 9,000 ಮೀಟರಿಗೂ ಎತ್ತರದಲ್ಲಿರುವಷ್ಟು ತೆಳುವಾದ ಗಾಳಿಯನ್ನು ಪೆಟ್ಟಿಗೆಯೊಳಗೆ ಸೃಷ್ಟಿಸಿದಾಗಲೂ ಹಾರಿದವು ಎಂದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಎವರೆಸ್ಟಿನ ಎತ್ತರ 8,849 ಮೀಟರ್.

ಅವಲಂಬಿತ ಸಸ್ಯಗಳು

ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಹೆಸರು ಕೇಳುವ ವತ್ಸನಾಭಿ ಹಿಮಾಲಯದ ವಿಷಸಸ್ಯ. ಶುದ್ಧಿ ಮಾಡಿದ ಅದರ ಗೆಡ್ಡೆಯನ್ನು ಆಯುರ್ವೇದದಲ್ಲಿ ಬಳಸುತ್ತಾರೆ. ಇದರ ಹೂವು ಶಿರಸ್ತ್ರಾಣದ ಆಕಾರದ್ದು. ಮಕರಂದವು ಆ ಶಿರಸ್ತ್ರಾಣದ ಒಳನೆತ್ತಿಯಲ್ಲಿ ಅಡಗಿರುತ್ತದೆ. ಅದನ್ನು ಮುಟ್ಟಲು ಒಳನುಗ್ಗುವ ಬಲವೂ ಉದ್ದವಾದ ನಾಲಗೆಯೂ ಬೇಕು. ಎರಡೂ ಇರುವುದು ಬಂಬಲ್‌ಬೀಗೆ. ಈ ಕುಲದ ಸಸ್ಯಗಳು ಬೆಳೆಯುವ ನೆಲವೂ ಬಂಬಲ್‌ಬೀಗಳಿರುವ ನೆಲವೂ ಬಹುಮಟ್ಟಿಗೆ ಒಂದೇ ಎಂಬುದನ್ನು ಸಸ್ಯವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು.

ಏಲಕ್ಕಿಯದು ಇನ್ನೂ ಸ್ವಾರಸ್ಯಕರವಾದ ಉದಾಹರಣೆ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯಲ್ಲಿ ಬಳಸುವುದು ಮಲೆನಾಡಿನ ಹಸಿರು ಏಲಕ್ಕಿ. ಅದರ ಪರಾಗಸ್ಪರ್ಶ ಮುಖ್ಯವಾಗಿ ತುಡುವೆ, ಹೆಜ್ಜೇನು ಮೊದಲಾದ ಜೇನುನೊಣಗಳಿಂದ ನಡೆಯುತ್ತದೆ. ಸಿಕ್ಕಿಂ, ದಾರ್ಜಿಲಿಂಗ್ ಪ್ರದೇಶಗಳ ತಂಪು ಇಳಿಜಾರುಗಳಲ್ಲಿ ಬೆಳೆಯುವ ದೊಡ್ಡ ಏಲಕ್ಕಿ, ಅಂದರೆ ಮಸಾಲೆಯ ಕಪ್ಪು ಏಲಕ್ಕಿ, ಇದೇ ಕುಟುಂಬದ ಸಸ್ಯ. ಅದರ ಹೂವಿಗೂ ತುಡುವೆ ನೊಣಗಳು ಹೇರಳವಾಗಿ ಬರುತ್ತವೆ. ಆದರೆ ಅವು ಪರಾಗವನ್ನು ಕದ್ದೊಯ್ಯುತ್ತವೆಯೇ ಹೊರತು, ದೇಹ ಚಿಕ್ಕದಾದ್ದರಿಂದ ಶಲಾಕಾಗ್ರವನ್ನು ತಾಗುವುದಿಲ್ಲ. ಮಕರಂದಕ್ಕಾಗಿ ಹೂವಿನೊಳಗೆ ತೂರಿ, ಬೆನ್ನಿಗೆ ಅಂಟಿದ ಪರಾಗವನ್ನು ಮುಂದಿನ ಹೂವಿಗೆ ತಲುಪಿಸುವುದು ಬಂಬಲ್‌ಬೀ. ಪಿ. ಎ. ಸಿನು ಮತ್ತು ಕೆ. ಆರ್. ಶಿವಣ್ಣ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಹೂವಿನ ಮೇಲೆ ಕಾಣುವ ನೊಣಗಳನ್ನು ಎಣಿಸಿದ ಮಾತ್ರಕ್ಕೆ ಕಾಯಿ ಕಚ್ಚಿಸುವವರು ಯಾರೆಂಬುದು ತಿಳಿಯದು.

ಝೇಂಕಾರದಿಂದ ಪರಾಗಸ್ಪರ್ಶ

ಬದನೆ, ಟೊಮೆಟೊ ಹೂಗಳಲ್ಲಿ ಪರಾಗವು ಕೊಳವೆಯಂಥ ಕೋಶಗಳ ಒಳಗೇ ಇದ್ದು ತಾನಾಗಿ ಸುಲಭವಾಗಿ ಉದುರುವುದಿಲ್ಲ. ಬಂಬಲ್‌ಬೀ ಹೂವನ್ನು ಕಚ್ಚಿ ಹಿಡಿದು, ಮೈ ಬೆಚ್ಚಗೆ ಮಾಡಿಕೊಳ್ಳುವ ಅದೇ ಸ್ನಾಯುಗಳಿಂದ ಝೇಂಕರಿಸಿ ಪರಾಗವನ್ನು ಉದುರಿಸುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಇಲ್ಲ. ತೆರೆದ ಹೊಲದ ಟೊಮೆಟೊಗೆ ಗಾಳಿಯ ಅಲುಗಾಟವೂ ನೆರವಾಗುತ್ತದೆ. ಚಳಿನಾಡಿನ ಗಾಜಿನ ಮನೆಗಳಲ್ಲಿ ಗಾಳಿಯಿಲ್ಲ. ಅಲ್ಲಿ ಕೆಲಸಗಾರರು ಕಂಪಿಸುವ ಕಡ್ಡಿ ಹಿಡಿದು ಹೂಗಳನ್ನು ಅಲುಗಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್‌ಗಳಲ್ಲಿ ಸಾಕಿದ ಬಂಬಲ್‌ಬೀಗಳು ಆ ಕೆಲಸಕ್ಕೆ ಬಂದವು.

ನಮ್ಮಲ್ಲಿ ಇದೇ ಕೆಲಸವನ್ನು ಬಡಗಿ ದುಂಬಿಯೂ ಉದರದಲ್ಲಿ ನೀಲಿ ಪಟ್ಟೆಗಳಿರುವ ಅಮೆಜಿಲ್ಲ ಎಂಬ ಒಂಟಿ ಜೇನೂ ಮಾಡುತ್ತವೆ. ಬದನೆ ಹೊಲದಲ್ಲಿ, ಆವರಿಕೆಯ ಹಳದಿ ಹೂಗಳಲ್ಲಿ ಬೆಳಗಿನ ಹೊತ್ತು ಬಿಟ್ಟುಬಿಟ್ಟು ಕೇಳುವ ಸಣ್ಣ ಝೇಂಕಾರ ಅದೇ. ರಾಣೆಬೆನ್ನೂರು ತಾಲ್ಲೂಕಿನ ತರಕಾರಿ ಸಂಕರಣ ಬೀಜೋತ್ಪಾದನೆಯ ಕ್ರಮ ಮಾತ್ರ ಬೇರೆ. ಅಲ್ಲಿ ಮೊಗ್ಗಿನ ಪರಾಗಕೋಶಗಳನ್ನು ಕಿತ್ತು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಲೇಪಿಸುತ್ತಾರೆ. ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುವ ಈ ನಾಜೂಕಿನ ಕೆಲಸದಲ್ಲಿ ಕೀಟ ಬಂದು ಮುಟ್ಟಿದರೆ ಬೀಜದ ಶುದ್ಧತೆ ಕೆಡುತ್ತದೆ.

ಸ್ಥಳಾಂತರ ಮತ್ತು ಅಳಿವಿನ ಭಯ

ನ್ಯೂಜಿಲೆಂಡಿನಲ್ಲಿ ಬಿತ್ತಿದ ಕೆಂಪು ಕ್ಲೋವರ್ ಮೇವು ಸರಿಯಾಗಿ ಬೀಜ ಕಟ್ಟದಿದ್ದಾಗ 1885ರಲ್ಲಿ ಇಂಗ್ಲೆಂಡಿನಿಂದ ಬಂಬಲ್‌ಬೀಗಳನ್ನು ಒಯ್ದು ಬಿಡಲಾಯಿತು, ಬೀಜವೂ ಕಟ್ಟಿತು. ಎಲ್ಲ ಸ್ಥಳಾಂತರಗಳೂ ಹೀಗೆ ಫಲಿಸಲಿಲ್ಲ. ಚಿಲಿ ದೇಶಕ್ಕೆ 1990ರ ದಶಕದ ಕೊನೆಯಲ್ಲಿ ತಂದ ಯೂರೋಪಿನ ಪ್ರಭೇದವು ಆಂಡಿಸ್ ದಾಟಿ ಅರ್ಜೆಂಟೀನಾಕ್ಕೂ ಹರಡಿತು. ಅದು ಹೋದ ಕಡೆಗಳಲ್ಲೆಲ್ಲ ಆ ನಾಡಿನದೇ ಆದ ಭಾರೀ ಗಾತ್ರದ ಕೆಂಬಣ್ಣದ ಬಂಬಲ್‌ಬೀ ವಿರಳವಾಯಿತು.

ಭೂಮಿಯ ಬಿಸಿಯೇರಿಕೆ ಇವುಗಳಿಗೆ ಎರಡು ಕಡೆಯಿಂದ ಇಕ್ಕಟ್ಟು. ಯೂರೋಪ್ ಮತ್ತು ಉತ್ತರ ಅಮೆರಿಕಗಳ 67 ಪ್ರಭೇದಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಾಸನೆಲೆಯ ದಕ್ಷಿಣದ ಅಂಚು ಕೆಲವೆಡೆ 300 ಕಿಲೋಮೀಟರಿನಷ್ಟು ಕುಗ್ಗಿದೆ. ಉತ್ತರದ ಅಂಚು ಅದಕ್ಕೆ ತಕ್ಕಂತೆ ಮುಂದೆ ಸರಿದಿಲ್ಲ. ಪರ್ವತವಾಸಿಗಳು ಮೇಲೇರಬಹುದು, ಆದರೆ ಶಿಖರದ ಆಚೆಗೆ ನೆಲವಿಲ್ಲ. 2017ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಬಾಂಬಸ್ ಅಫಿನಿಸ್ ಪ್ರಭೇದವನ್ನು ಅಪಾಯದಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಹಿಮಾಚಲ ಪ್ರದೇಶದ ನೌಣಿಯಲ್ಲಿರುವ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಹಿಮಾಲಯದ್ದೇ ಆದ ಬಾಂಬಸ್ ಹೆಮರಾಯ್ಡಾಲಿಸ್ ಪ್ರಭೇದವನ್ನು ಸಾಕುವ ಪ್ರಯತ್ನಗಳು ನಡೆದಿವೆ. ಬಯಲುಸೀಮೆಯ ಬಿಸಿಲಿಗೆ ಅದರ ಉಣ್ಣೆಯ ಮೈ ಹೊಂದದು. ಇಲ್ಲಿನ ಬದನೆಗೂ ಆವರಿಕೆಗೂ ಬಡಗಿ ದುಂಬಿಯೇ ತಕ್ಕದ್ದು. ಅದರ ಗೂಡಿಗೆ ಬೇಕಾದುದು ಬದುವಿನಲ್ಲಿ ಕಡಿಯದೆ ಬಿಟ್ಟ ಒಂದು ಒಣಕೊಂಬೆ ಅಥವಾ ಹಳೆಯ ಬಿದಿರಿನ ಗಳ.